26ಕ್ಕೇ ತಲೆ ಬೆಳ್ಳಗಾಗ್ತಿದೆ, ಅಮ್ಮ ಎಣ್ಣೆ ಕಾಯಿಸ್ತಾನೇ ಇದ್ದಾರೆ. ಏನ್ ಮಾಡ್ಲಿ?

ದಾವಣಗೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 26. ಬೆಂಗಳೂರಲ್ಲಿ ಕೆಲಸ, ಊರು ದಾವಣಗೆರೆ ಪಕ್ಕ. ಎರಡು ವರ್ಷದ ಹಿಂದೆ ಎಡಗಿವಿ ಮೇಲೆ ನಾಲ್ಕೈದು ಬಿಳಿ ಕೂದಲು ಕಂಡಿದ್ವು, ಕಿತ್ತು ಎಸೆದಿದ್ದೆ. ಈಗ ಕೀಳೋಕೆ ಕೂತ್ರೆ ಭಾನುವಾರ ಪೂರ್ತಿ ಬೇಕು. ಗಡ್ಡದಲ್ಲೂ ಶುರುವಾಗಿದೆ. ಹೋದ ತಿಂಗಳು ಬಸ್ಸಲ್ಲಿ ಕಾಲೇಜು ಹುಡುಗ ಒಬ್ಬ ಎದ್ದು ನಿಂತು "ಕೂತ್ಕೊಳ್ಳಿ ಅಂಕಲ್" ಅಂದ. ಬೇಜಾರಾಯ್ತು. ಆದ್ರೂ ಕೂತ್ಕೊಂಡೆ, ಸೀಟ್ ಯಾಕೆ ಬಿಡ್ಲಿ.

ಮನೇಲಿ ಹುಡುಗಿ ನೋಡ್ತಿದ್ದಾರೆ. ಫೋಟೋ ತೆಗೆಸೋ ಮುಂಚೆ ಡೈ ಹೊಡ್ಕೊ ಅಂತ ಮಾವ. ಒಂದ್ಸಲ ಡೈ ಹಚ್ಚಿದ್ರೆ ಉಳಿದಿರೋ ಕಪ್ಪೂ ಹೋಗುತ್ತೆ, ಮುಟ್ಟಬೇಡ ಅಂತ ಅಮ್ಮ. ಅವರ ಪ್ರಕಾರ ಕಾರಣ ಮೂರು: ಬೆಂಗಳೂರಿನ ಬೋರ್‌ವೆಲ್ ನೀರು, ಹೆಲ್ಮೆಟ್, ರಾತ್ರಿ ಹನ್ನೊಂದಕ್ಕೆ ಪಿಜಿಗೆ ತರಿಸ್ಕೊಂಡು ತಿನ್ನೋ ಗೋಬಿ.

ಅವರದ್ದೇ ಒಂದು ಎಣ್ಣೆ ಇದೆ. ಕೊಬ್ಬರಿ ಎಣ್ಣೆಗೆ ಕರಿಬೇವು, ಗರಗದ ಸೊಪ್ಪು, ಬೆಟ್ಟದ ನೆಲ್ಲಿಕಾಯಿ, ದಾಸವಾಳ, ಮೆಂತ್ಯ ಹಾಕಿ ಸಣ್ಣ ಉರಿಲಿ ಗಂಟೆಗಟ್ಟಲೆ ಕಾಯಿಸ್ತಾರೆ. ನೊರೆ ನಿಂತು, ಸೊಪ್ಪು ಗರಿಗರಿ ಆದ್ಮೇಲೆ ಇಳಿಸಿ ಪಂಚೆ ಬಟ್ಟೆಲಿ ಸೋಸೋದು. ಊರಿಂದ ಬರೋವಾಗೆಲ್ಲ ಬ್ಯಾಗಲ್ಲಿ ಒಂದು ಬಾಟ್ಲಿ ಗ್ಯಾರಂಟಿ. ಎಂಟು ತಿಂಗಳಿಂದ ಹಚ್ತಿದ್ದೀನಿ. ದಿಂಬಿನ ಕವರ್ ಹಸಿರಾಯ್ತು, ತಲೆ ಕಪ್ಪಾಗಲಿಲ್ಲ.

ಇದು ಯಾಕೆ ಬರುತ್ತೆ, ತಡೆಯೋಕೆ ಏನಾದ್ರೂ ಇದೆಯಾ, ಡೈ ಹಾಕ್ಬಹುದಾ? ಗೊತ್ತಿರೋರು ಹೇಳಿ.

ಅವಲಕ್ಕಿ_ಮೊಸರು

ಗೋಬಿ ಮೇಲೆ ಅಪವಾದ ಹೊರಿಸ್ಬೇಡಿ, ಅದಕ್ಕೇ ಈಗಾಗಲೇ ಸಾಕಷ್ಟು ಕೇಸಿದೆ.

ಧಾರವಾಡದಾಂವ

ತಮ್ಮಾ, ನಮ್ಮನ್ಯಾಗ ನಡದದ್ದು ಹೇಳತೀನಿ ಕೇಳು. ನಾವು ಇಬ್ಬರು ಅಣ್ಣ ತಮ್ಮ. ಒಂದ ಬಾವಿ ನೀರು, ಒಂದ ಅವ್ವ ಹಚ್ಚಿದ ಎಣ್ಣಿ, ಒಂದ ರೊಟ್ಟಿ ಬುಟ್ಟಿ. ನನಗ 24ಕ್ಕ ತಲಿ ಅರ್ಧಾ ಬೆಳ್ಳಗಾತು. ನಮ್ಮಣ್ಣಗ ಈಗ 45, ಕಾಗಿ ಪುಕ್ಕ ಇದ್ದಂಗ ಐತಿ. ಎಷ್ಟೋ ವರ್ಷ ನಾನು ಆ ಸಿಟ್ಟಿನ್ಯಾಗ ಅಂವನ ಜೋಡಿ ಫೋಟೋಕ್ಕ ನಿಂದರಲಿಲ್ಲ. ಆಮ್ಯಾಲ ಅವ್ವನ ತವರುಮನಿಗೆ ಹೋದಾಗ ಗ್ವಾಡಿ ಮ್ಯಾಲೆ ನಮ್ಮ ಅಜ್ಜನ ಮದಿವಿ ಫೋಟೋ ನೋಡಿದೆ. ಬಾಸಿಂಗ ಕಟ್ಟಿಕೊಂಡ ವರನ ಕಿವಿ ಹತ್ತರ ಆಗಲೇ ಬೆಳ್ಳಗ! ನಾ ಅಜ್ಜನ ಕಡೆ, ಅಣ್ಣ ಅಪ್ಪನ ಕಡೆ, ಇಷ್ಟ ಸುದ್ದಿ. ನಿಮ್ಮ ಮನ್ಯಾಗೂ ಹಳೇ ಫೋಟೋ ತಗದು ನೋಡ್ರಿ.

ದಾವಣಗೆರೆ_ಹುಡುಗ

ನಮ್ಮಪ್ಪನಿಗೆ 40 ದಾಟಿದ ಮೇಲೆ ಬಂತಂತೆ. ಅಮ್ಮನ ಕಡೆ ಕೇಳ್ಬೇಕು. ಮಾವನನ್ನ ಕೇಳೋ ಹಾಗಿಲ್ಲ, ಅವರು ಯಾವಾಗಿಂದ ಡೈ ಹಾಕ್ತಿದ್ದಾರೆ ಅಂತ ಅವರಿಗೇ ಮರೆತಿರಬೇಕು.

ನಿವೃತ್ತ_ಮೇಷ್ಟ್ರು

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ತಲೆಯ ಮೇಲೆ ಕಾಣುವ ಕೂದಲಿಗೆ ಜೀವವಿಲ್ಲ, ಉಗುರಿನ ಹಾಗೆ ಅದೂ ಕೆರಾಟಿನ್. ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ. ಅಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳು ಮೆಲನಿನ್ ಎಂಬ ಬಣ್ಣ ತಯಾರಿಸಿ, ಬೆಳೆಯುತ್ತಿರುವ ಕೂದಲಿನ ಒಳಗೆ ತುಂಬುತ್ತವೆ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆದು, ಕೆಲವು ತಿಂಗಳು ಸುಮ್ಮನಿದ್ದು ಉದುರುತ್ತದೆ. ಅದೇ ಗುಂಡಿಯಿಂದ ಇನ್ನೊಂದು ಹುಟ್ಟುತ್ತದೆ. ಪ್ರತಿ ಬೆಳೆಗೂ ಹೊಸ ಮೆಲನೋಸೈಟ್ ಬೇಕು. ಅವನ್ನು ಒದಗಿಸಲು ಗುಂಡಿಯ ಮೇಲ್ಭಾಗದಲ್ಲಿ ಮೂಲಕೋಶಗಳ ದಾಸ್ತಾನು ಇರುತ್ತದೆ. ಬಿತ್ತನೆ ಬೀಜದ ಕಣಜ ಅಂದುಕೊಳ್ಳಿ. ಕಣಜ ಬರಿದಾದ ಗುಂಡಿಯಿಂದ ಆಮೇಲೆ ಬರುವುದೆಲ್ಲ ಬಿಳಿ. ಕಣಜ ಯಾವಾಗ ಬರಿದಾಗಬೇಕು ಎಂಬುದನ್ನು ಬಹುಮಟ್ಟಿಗೆ ವಂಶವೇ ಬರೆದಿಟ್ಟಿರುತ್ತದೆ. 2016ರಲ್ಲಿ ಲ್ಯಾಟಿನ್ ಅಮೆರಿಕದ 6,000ಕ್ಕೂ ಹೆಚ್ಚು ಜನರ ಡಿಎನ್ಎ ನೋಡಿದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ, ಕೂದಲು ನೆರೆಯುವುದಕ್ಕೆ ಸಂಬಂಧಪಟ್ಟ ಐಆರ್‌ಎಫ್4 ಎಂಬ ಜೀನನ್ನು ಗುರುತಿಸಿತು. ಅದೊಂದೇ ಕಾರಣವಲ್ಲ, ಅಂಥವು ಹಲವು ಇರಬೇಕು. ಧಾರವಾಡದವರು ಗೋಡೆಯ ಫೋಟೋದಲ್ಲಿ ಕಂಡದ್ದು ಇದನ್ನೇ.

ಇನ್ನು ಕಿತ್ತರೆ ಹತ್ತು ಹುಟ್ಟುತ್ತವೆ ಎನ್ನುವ ಮಾತು ಸುಳ್ಳು. ಒಂದು ಗುಂಡಿಯ ಕೂದಲು ಕಿತ್ತರೆ ಪಕ್ಕದ ಗುಂಡಿಯ ಬಣ್ಣ ಬದಲಾಗುವುದಿಲ್ಲ. ನೀವು ನಾಲ್ಕು ಕಿತ್ತ ಮೇಲೆ ನಲವತ್ತು ಕಂಡಿದ್ದು, ಅವು ಹೇಗೂ ಬರುವವಿದ್ದವು ಅಂತ. ಆದರೆ ಪದೇ ಪದೇ ಕಿತ್ತರೆ ಬುಡಕ್ಕೇ ಪೆಟ್ಟಾಗಿ ಆ ಜಾಗ ಬೋಳಾಗಬಹುದು. ಬಿಳಿಯಾದರೂ ಇರಲಿ ಬಿಡಿ.

ಹೆಲ್ಮೆಟ್ಟಿಗೂ ಬೋರ್‌ವೆಲ್ಲಿಗೂ ಈ ಕಣಜದ ತನಕ ದಾರಿಯಿಲ್ಲ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ಸೋಪು ನೊರೆ ಬರುವುದಿಲ್ಲ, ಅಷ್ಟೇ.

ಅಜ್ಜಿ_ಮದ್ದು_ಒರಿಜಿನಲ್

21 ದಿನದಲ್ಲಿ ಬುಡದಿಂದ ಕಪ್ಪು, 100% ಗ್ಯಾರಂಟಿ, 18 ಬಗೆಯ ಗಿಡಮೂಲಿಕೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.

ಅವಲಕ್ಕಿ_ಮೊಸರು

ತಲೆಕೂದಲು ಬೆಳೆಯೋದೇ ತಿಂಗಳಿಗೆ ಹೆಚ್ಚು ಕಮ್ಮಿ ಒಂದು ಸೆಂಟಿಮೀಟರ್. 21 ದಿನಕ್ಕೆ ಮುಕ್ಕಾಲು ಸೆಂಟಿಮೀಟರೂ ಇಲ್ಲ. ಅಷ್ಟರೊಳಗೆ ತಲೆ ಪೂರ್ತಿ ಕಪ್ಪಾದ್ರೆ ಅದು ಎಣ್ಣೆಯಲ್ಲ, ಬಾಟ್ಲಿಲಿ ಡೈ ಇದೆ ಅಂತ ಅರ್ಥ.

ನಿರ್ವಾಹಕರು

ಮೇಲಿನ ಜಾಹೀರಾತಿನ ಫೋನ್ ನಂಬರ್ ತೆಗೆದಿದ್ದೇವೆ. ಉತ್ತರ ಚೆನ್ನಾಗಿದೆ ಅಂತ ಪೋಸ್ಟ್ ಮಾತ್ರ ಉಳಿಸಿದ್ದೇವೆ.

ಮಾತ್ರೆ_ಅಂಗಡಿ

ಶಿವಮೊಗ್ಗದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದೀನಿ. ಡಾಕ್ಟರಲ್ಲ, ಮೊದಲೇ ಹೇಳಿಬಿಡ್ತೀನಿ.

ನಮ್ಮ ಜನಕ್ಕೆ 25ರೊಳಗೆ ಬಂದ್ರೆ ಚರ್ಮದ ಡಾಕ್ಟರುಗಳು ಅದನ್ನ ಬಾಲನೆರೆ ಅಂತಾರೆ. ಬಿಳಿಯರಿಗೆ ಆ ಗಡಿ 20, ಆಫ್ರಿಕಾ ಮೂಲದವರಿಗೆ 30. ನಿಮಗೆ 24ಕ್ಕೆ ಶುರುವಾಗಿದೆ, ಸ್ವಲ್ಪ ಬೇಗನೇ. ಹಾಗಾಗಿ ವಂಶದ ಮೇಲೆ ಹಾಕಿ ಕೈತೊಳ್ಕೊಳ್ಳೋ ಮೊದಲು ಎರಡು ಮೂರು ವಿಷಯ ನೋಡ್ಬೇಕು. ವಿಟಮಿನ್ ಬಿ12, ಥೈರಾಯ್ಡ್, ಕಬ್ಬಿಣದ ಅಂಶಕ್ಕೆ ಫೆರಿಟಿನ್. ಇವು ಕಮ್ಮಿ ಜಾಸ್ತಿ ಆಗಿ ಬಂದ ನೆರೆಯಾದ್ರೆ, ಸರಿಪಡಿಸಿದಾಗ ನಿಲ್ಲೋ ಸಾಧ್ಯತೆ ಇದೆ. ಕೆಲವರಿಗೆ ಒಂದಿಷ್ಟು ವಾಪಸ್ ಬಂದಿದ್ದೂ ಉಂಟು.

ನನಗೆ ನಾಲ್ಕು ಉತ್ತರ ಬೇಕು. ನೀವು ಸಸ್ಯಾಹಾರಿನಾ? ಹಾಲು ಮೊಸರು ಎಷ್ಟು? ಪಾದ ಜೋಮು ಹಿಡಿಯೋದು, ಜುಮುಜುಮು ಅನ್ನೋದು ಇದೆಯಾ? ಸಿಗರೇಟ್?

ದಾವಣಗೆರೆ_ಹುಡುಗ

ಪಕ್ಕಾ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. ಹಾಲು ಅಂದ್ರೆ ಪಿಜಿ ಕಾಫಿಲಿ ಇರೋ ಅಷ್ಟು, ಅದು ಹಾಲು ಅಂತ ಹೇಳೋಕೆ ಆಗಲ್ಲ. ಮೊಸರು ಊರಿಗೆ ಹೋದಾಗ. ಸಿಗರೇಟ್ ದಿನಕ್ಕೆ ಮೂರು ನಾಲ್ಕು, ದಯವಿಟ್ಟು ಈ ಲಿಂಕ್ ಅಮ್ಮನಿಗೆ ಕಳಿಸ್ಬೇಡಿ.

ಜುಮುಜುಮು... ಹೌದು. ರಾತ್ರಿ ಮಲಗಿದಾಗ ಅಂಗಾಲಲ್ಲಿ ಇರುವೆ ಹರಿದ ಹಾಗೆ. ಇಡೀ ದಿನ ಕೂತು ಕೆಲಸ ಮಾಡೋದಕ್ಕೆ ಅಂದ್ಕೊಂಡಿದ್ದೆ. ಇದಕ್ಕೂ ಕೂದಲಿಗೂ ಏನ್ ಸಂಬಂಧ?

ಮಾತ್ರೆ_ಅಂಗಡಿ

ಸಂಬಂಧ ಇರಬಹುದು. ನಾಳೆ ಬೆಳಿಗ್ಗೆ ಹೋಗಿ ರಕ್ತ ಕೊಡಿ.

ಬಿ12 ನಂಬಿಕೆಯಾಗಿ ಸಿಗೋದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರು. ಸೊಪ್ಪು, ಬೇಳೆ, ನೆಲ್ಲಿಕಾಯಿ ರಾಶಿ ತಿಂದ್ರೂ ಅದರಲ್ಲಿಲ್ಲ. ದಿನಕ್ಕೆ ಬೇಕಿರೋದು 2-3 ಮೈಕ್ರೋಗ್ರಾಂ ಅಷ್ಟೇ, ಆದ್ರೆ ಆ ಅಷ್ಟೇ ನಮ್ಮ ಸಸ್ಯಾಹಾರಿಗಳಲ್ಲಿ ಸುಮಾರು ಜನಕ್ಕೆ ಇರಲ್ಲ. ನರದ ಮೇಲಿನ ಹೊದಿಕೆಗೂ ಅದು ಬೇಕು. ಕೊರತೆ ಬಹಳ ದಿನ ಎಳೆದ್ರೆ ನರದ ತೊಂದರೆ ಕಾಯಂ ಆಗಬಹುದು. ಕೂದಲು ಬಿಡಿ, ಮೊದಲು ಪಾದ ನೋಡಿ.

ಇನ್ನೊಂದು ಮಾತು. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗ್ತಿದ್ರೆ ಟೆಸ್ಟಿಗೆ ಹೋಗುವಾಗ ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿ. ಜಾಸ್ತಿ ಬಯೋಟಿನ್ ಇದ್ರೆ ಥೈರಾಯ್ಡ್ ರಿಪೋರ್ಟ್ ತಪ್ಪು ಬರಬಹುದು, ಇಲ್ಲದ ಕಾಯಿಲೆ ಇದೆ ಅಂತ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ, ನಮ್ಮ ಕೌಂಟರ್‌ಗೆ ಬರೋರಲ್ಲಿ ಒಬ್ಬರಿಗೂ ಗೊತ್ತಿರಲ್ಲ. ಬಿಳಿ ಕೂದಲು ಕಪ್ಪು ಮಾಡೋ ಶಕ್ತಿ ಬಯೋಟಿನ್‌ಗೆ ಇದೆ ಅನ್ನೋಕೂ ಆಧಾರ ಇಲ್ಲ. ಬಾಲನೆರೆಗೆ ಡಾಕ್ಟರುಗಳು ಕ್ಯಾಲ್ಸಿಯಂ ಪ್ಯಾಂಟೋಥಿನೇಟ್ ಬರ್ಕೊಡ್ತಾರೆ, ನಾನೇ ದಿನಾ ಕೊಡ್ತೀನಿ. ಅದಕ್ಕೂ ಪುರಾವೆ ಗಟ್ಟಿಯಿಲ್ಲ. ವ್ಯಾಪಾರ ಮಾಡೋನಾಗಿ ಇದನ್ನ ಹೇಳ್ಬಾರದು, ಹೇಳಿದೀನಿ.

ಸಿಗರೇಟ್: ಬೇಗ ನೆರೆಯೋರಲ್ಲಿ ಸೇದೋರು ಜಾಸ್ತಿ ಅಂತ ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. ಬಿಟ್ರೆ ಕಪ್ಪಾಗುತ್ತೆ ಅಂತ ಯಾರೂ ಮಾತು ಕೊಡಲ್ಲ. ಬಿಡೋಕೆ ಬೇರೆ ಕಾರಣ ಬೇಕಾದಷ್ಟಿವೆ.

ಕಡಲತೀರ_ಉಡುಪಿ

ಎಣ್ಣೆಯನ್ನು ಎಲ್ಲರೂ ಸೇರಿ ಬೈಬೇಡಿ ಮಾರಾಯ್ರೆ. ನಮ್ಮ ಅಜ್ಜಿಗೆ 80 ಆಗುವಾಗಲೂ ಅರ್ಧ ಕಪ್ಪು ಉಂಟು. ಜೀವಮಾನದಲ್ಲಿ ಶಾಂಪೂ ಮುಟ್ಟಿದವರಲ್ಲ. ಮನೆಯ ಗಾಣದೆಣ್ಣೆ, ದಾಸವಾಳದ ಸೊಪ್ಪು ಕಿವುಚಿದ ಲೋಳೆ, ವಾರಕ್ಕೊಮ್ಮೆ ಬಚ್ಚಲ ಹಂಡೆಯ ಬಿಸಿನೀರು. ಆಯುರ್ವೇದದಲ್ಲಿ ಇದಕ್ಕೆ ಪಲಿತ ಎಂದು ಹೆಸರೇ ಉಂಟಲ್ಲ. ಸಾವಿರಾರು ವರ್ಷದಿಂದ ಹೇಳಿದ್ದು ಸುಮ್ಮನೆಯಾ?

ನಿವೃತ್ತ_ಮೇಷ್ಟ್ರು

ಅಜ್ಜಿಯ ಕೂದಲಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ಎಣ್ಣೆಯಿಂದಲೋ ಅಜ್ಜಿಯ ತಾಯಿಯಿಂದಲೋ ಎಂದು ಹೇಗೆ ಹೇಳುತ್ತೀರಿ? ಅದೇ ಹಂಡೆಯ ನೀರು ಹಾಕಿಕೊಂಡ ಅಜ್ಜನಿಗೆ ಹೇಗಿತ್ತು?

ಕೊಬ್ಬರಿ ಎಣ್ಣೆಗೆ ಒಂದು ಗುಣ ನಿಜವಾಗಿಯೂ ಇದೆ. ಅದು ಕೂದಲಿನೊಳಗೆ ಸ್ವಲ್ಪ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಆಯಿಲ್ಲಿಗೂ ಇದು ಸಾಧ್ಯವಾಗಲಿಲ್ಲ. ಕೂದಲು ತುಂಡಾಗುವುದು ಕಮ್ಮಿಯಾಗುತ್ತದೆ, ಹೊಳಪು ಬರುತ್ತದೆ, ಹೊಳೆವ ಕೂದಲು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಕಣಜದ ಬೀಜಕ್ಕೂ ಅದಕ್ಕೂ ಸಂಬಂಧ ಕಾಣೆ.

ಪಲಿತದ ವಿಷಯ ತೆಗೆದಿದ್ದು ಒಳ್ಳೆಯದಾಯಿತು. ಸುಶ್ರುತ ಸಂಹಿತೆಯಲ್ಲಿ ಅದಕ್ಕೆ ಹೇಳಿರುವ ಕಾರಣ ಸಿಟ್ಟು, ದುಃಖ, ಅತಿಯಾದ ದಣಿವು. ಇವುಗಳಿಂದ ಹುಟ್ಟಿದ ದೇಹದ ಬಿಸಿ ತಲೆಗೇರಿ, ಪಿತ್ತದ ಜೊತೆ ಸೇರಿ ಕೂದಲನ್ನು ಮಾಗಿಸುತ್ತದೆ ಎಂದು. ಪಿತ್ತವನ್ನು ಪಕ್ಕಕ್ಕಿಡಿ. ಸಿಟ್ಟು, ದುಃಖ, ದಣಿವು ಎಂದರೆ ಈಗಿನವರು ಒಂದೇ ಮಾತಿನಲ್ಲಿ ಹೇಳುವ ಸ್ಟ್ರೆಸ್ ತಾನೆ? 2020ರಲ್ಲಿ ಹಾರ್ವರ್ಡಿನ ಯಾ-ಚಿಯೆ ಶು ಅವರ ತಂಡ ಕಪ್ಪು ಇಲಿಗಳನ್ನು ಒತ್ತಡಕ್ಕೆ ಗುರಿಪಡಿಸಿ ನೋಡಿತು. ಅವುಗಳ ಮೈಕೂದಲು ಬಿಳಿಯಾಯಿತು. ರೋಗನಿರೋಧಕ ಶಕ್ತಿ ತಿರುಗಿಬಿತ್ತೇ ಎಂದು ನೋಡಿದರು, ಅಲ್ಲ. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಥರದ ಹಾರ್ಮೋನೇ ಎಂದು, ಅದನ್ನು ಸುರಿಸುವ ಅಡ್ರಿನಲ್ ಗ್ರಂಥಿಯನ್ನೇ ತೆಗೆದು ನೋಡಿದರು, ಆಗಲೂ ಬಿಳಿ. ಕಡೆಗೆ ಸಿಕ್ಕಿಬಿದ್ದದ್ದು ಪ್ರತಿ ಕೂದಲ ಗುಂಡಿಗೂ ಹೋಗುವ ಸಿಂಪಥೆಟಿಕ್ ನರ. ಅಪಾಯ ಕಂಡಾಗ ಎದೆ ಡವಗುಟ್ಟಿಸುತ್ತದಲ್ಲ, ಅದೇ ನರಜಾಲ. ಅದು ಸುರಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ತಾಗಿ ಮೂಲಕೋಶಗಳೆಲ್ಲ ಒಮ್ಮೆಗೇ ಎದ್ದು ಮೆಲನೋಸೈಟಾಗಿ ಮಾರ್ಪಟ್ಟು ಜಾಗ ಖಾಲಿ ಮಾಡಿದವು. ಬಿತ್ತನೆ ಬೀಜವನ್ನೆಲ್ಲ ಒಂದೇ ದಿನ ಚೆಲ್ಲಿಬಿಟ್ಟ ಹಾಗೆ. ಕೆಲವೇ ದಿನದ ಕೆಲಸ.

ಇಲಿಯಲ್ಲಿ ನಡೆದದ್ದು ಮನುಷ್ಯರಲ್ಲೂ ಹಾಗೇ ನಡೆಯುತ್ತದೆ ಎನ್ನಲಾಗದು. ಆದರೂ ಹಳಬರು ಕಣ್ಣಳತೆಯಲ್ಲಿ ಹೇಳಿದ್ದು ಪೂರ್ತಿ ಹುಸಿಯಲ್ಲ.

ಕಡಲತೀರ_ಉಡುಪಿ

ಅಜ್ಜನಿಗೆ ಕೂದಲೇ ಇರಲಿಲ್ಲ ಮೇಷ್ಟ್ರೇ. ಅದು ಬೇರೆ ಕಥೆ.

ಬೆಳ್ಳಿಗೆರೆ

ರಾತ್ರಿ ಬೆಳಗಾಗೋದ್ರೊಳಗೆ ತಲೆ ಬೆಳ್ಳಗಾಯ್ತು ಅಂತಾರಲ್ಲ, ಅದು ನಿಜವಾ? ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಕಥೆ ಶಾಲೆಲಿ ಕೇಳಿದ್ದೆ.

ನಿವೃತ್ತ_ಮೇಷ್ಟ್ರು

ಹೊರಗೆ ಬಂದ ಕೂದಲಿನ ಮೆಲನಿನ್ ಒಂದೇ ರಾತ್ರಿಯಲ್ಲಿ ಎಲ್ಲಿಗೆ ಹೋದೀತು? ಅಂಥ ಕಥೆಗಳಿಗೆ ಚರ್ಮವೈದ್ಯರು ಕೊಡುವ ಒಂದು ವಿವರಣೆ ಅಲೋಪೇಸಿಯಾ ಏರಿಯೇಟಾ. ಆ ರೋಗದಲ್ಲಿ ಬಣ್ಣದ ಕೂದಲೇ ಮೊದಲು ಉದುರಿ, ಬಿಳಿಯವು ಉಳಿದುಬಿಡುವುದುಂಟು. ನೋಡುವವರಿಗೆ ತಲೆ ದಿಢೀರನೆ ಬೆಳ್ಳಗಾದಂತೆ. 1793ರಲ್ಲಿ ರಾಣಿಯ ತಲೆಯನ್ನು ಗಿಲೊಟಿನ್ ಎಂಬ ಯಂತ್ರದಲ್ಲಿ ಕಡಿದರು. ಅದಕ್ಕೂ ಮುಂಚಿನ ಸೆರೆವಾಸದಲ್ಲಿ ಅವಳಿಗೆ ಅರಮನೆಯ ಸಿಂಗಾರ ಇರಲಿಲ್ಲ, ಮೊದಲೇ ಇದ್ದ ಬಿಳಿ ಆಗ ಕಂಡಿರಬಹುದು ಎಂಬುದನ್ನೂ ಮರೆಯಬೇಡಿ.

ಅವಲಕ್ಕಿ_ಮೊಸರು

ಸ್ಟ್ರೆಸ್ ಕಮ್ಮಿ ಆದ್ರೆ ವಾಪಸ್ ಕಪ್ಪಾಗುತ್ತಾ ಹಾಗಾದ್ರೆ? ಆಫೀಸಿಗೆ ರಜೆ ಚೀಟಿ ಬರೆಯೋಕೆ ಕೇಳ್ತಿದ್ದೀನಿ.

ನಿವೃತ್ತ_ಮೇಷ್ಟ್ರು

ತಮಾಷೆಗೆ ಕೇಳಿದಿರಿ, ಆದರೆ ಇದನ್ನೂ ನೋಡಿದ್ದಾರೆ. 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಪಿಕಾರ್ಡ್ ತಂಡ 14 ಜನರ ಕೂದಲು ಕಿತ್ತು, ಬುಡದಿಂದ ತುದಿಯವರೆಗೆ ಬಣ್ಣವನ್ನು ಎಳೆಎಳೆಯಾಗಿ ಅಳೆಯಿತು. ಮರದ ಉಂಗುರ ಎಣಿಸಿದ ಹಾಗೆ ಒಂದು ಕೂದಲಿನಲ್ಲಿ ತಿಂಗಳುಗಳ ಚರಿತ್ರೆ ಸಿಗುತ್ತದೆ. ತುದಿ ಬಿಳಿ, ಬುಡ ಕಪ್ಪು ಇದ್ದ ಕೂದಲುಗಳೂ ಸಿಕ್ಕವು. ಅಂದರೆ ಹಿಂದೆ ಬಿಳಿಯಾಗಿದ್ದದ್ದು ಮತ್ತೆ ಬಣ್ಣ ಹಿಡಿದಿದೆ. ಕೂದಲು ಕೊಟ್ಟವರು ತಮ್ಮ ಒತ್ತಡದ ಏರಿಳಿತವನ್ನೂ ಗುರುತು ಹಾಕಿ ಕೊಟ್ಟಿದ್ದರು. ಒಬ್ಬರ ಐದು ಕೂದಲು ಅವರು ರಜೆಗೆ ಹೋಗಿದ್ದ ಹೊತ್ತಿಗೇ ಸರಿಯಾಗಿ ಮೊದಲಿನ ಬಣ್ಣಕ್ಕೆ ತಿರುಗಿದ್ದವು.

ಐದು ಕೂದಲು. ತಲೆಯಲ್ಲಿ ಇರುವುದು ಸುಮಾರು ಒಂದು ಲಕ್ಷ. ಈಗಷ್ಟೇ ಹೊಸ್ತಿಲ ಮೇಲೆ ನಿಂತಿರುವ ಕೂದಲು ಹಿಂದೆ ಸರಿಯಬಹುದು, ಎಪ್ಪತ್ತು ವರ್ಷದವರ ತಲೆ ಕಪ್ಪಾಗುತ್ತದೆ ಎಂದು ಅವರೂ ಹೇಳಿಲ್ಲ. 2023ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಕಂಡದ್ದು ಇನ್ನೊಂದು ಬಗೆ. ಕಣಜದಲ್ಲಿ ಬೀಜ ಇದೆ, ಆದರೆ ಜಾಗ ಬಿಟ್ಟು ಕದಲದೆ ಅಲ್ಲೇ ಸಿಕ್ಕಿಕೊಂಡಿದೆ. ಅದನ್ನು ಕದಲಿಸುವ ಮದ್ದು ಸಿಕ್ಕರೆ ಆಟ ಬದಲಾಗಬಹುದು. ಸದ್ಯ ಅಂಗಡಿಯಲ್ಲಿ ಅಂಥ ಮದ್ದಿಲ್ಲ.

ಅವಲಕ್ಕಿ_ಮೊಸರು

ಐದಾದ್ರೂ ಸರಿ, ರಜೆ ಕೇಳ್ತೀನಿ.

ಕತ್ತರಿ_ಬಾಚಣಿಗೆ

ಎರಡನೇ ಪ್ರಶ್ನೆಗೆ ಎಲ್ಲ ಉತ್ತರ ಕೊಟ್ಟಾಯ್ತು, ಡೈ ಪ್ರಶ್ನೆ ನನಗೆ ಬಿಡಿ. ಮೈಸೂರಲ್ಲಿ ಸಲೂನು. ಅಪ್ಪನ ಕಾಲದಿಂದ ಇದೇ ಕಸುಬು.

ಡೈ ಹಾಕಿದ್ರೆ ಉಳಿದಿದ್ದೂ ಬೆಳ್ಳಗಾಗುತ್ತೆ ಅಂತ ಅಮ್ಮ ಹೇಳ್ತಾರಲ್ಲ, ಹಾಗಾಗಲ್ಲ. ಎರಡು ವಾರಕ್ಕೆ ಬುಡ ಬೆಳೆದು ಬಿಳಿ ಗೆರೆ ಕಾಣುತ್ತೆ, ಪಕ್ಕದ ಡೈ ಕಪ್ಪಿನ ಎದುರು ಅದು ಎದ್ದು ಹೊಡೆಯುತ್ತೆ. ಮೊದಲು ಬೂದಿ ಥರ ಬೆರೆತಿದ್ದು ಈಗ ಗೆರೆ ಕೊರೆದ ಹಾಗೆ. ಅದಕ್ಕೇ ಜಾಸ್ತಿ ಆಯ್ತು ಅನ್ಸೋದು.

ಆದ್ರೆ ಡೈಗೆ ಹೆದರಬೇಕಾದ್ದು ಬೇರೆ ವಿಷಯಕ್ಕೆ. ಕಪ್ಪು ಡೈಗಳಲ್ಲಿ ಪಿಪಿಡಿ ಅಂತ ಒಂದು ಕೆಮಿಕಲ್ ಇರುತ್ತೆ, ಪ್ಯಾಕೆಟ್ ಹಿಂದೆ ಇರುವೆ ಸಾಲಿನ ಥರ ಸಣ್ಣ ಅಕ್ಷರದಲ್ಲಿ. ಕೆಲವರ ಮೈಗೆ ಅದು ಒಗ್ಗಲ್ಲ. ತಮಾಷೆ ಏನಂದ್ರೆ ಮೊದಲನೇ ಸಲ ಏನೂ ಆಗದೇ ಇರಬಹುದು, ಹತ್ತನೇ ಸಲ ಹೊಡೆಯುತ್ತೆ. ನಮ್ಮಲ್ಲಿ ವರ್ಷಗಟ್ಟಲೆ ಹಾಕಿಸ್ಕೊಳ್ತಿದ್ದ ಗಿರಾಕಿ ಒಬ್ಬರು. ಮಗಳ ಮದುವೆಗೆ ಎರಡು ದಿನ ಮುಂಚೆ ಹಾಕಿಸ್ಕೊಂಡು ಹೋದ್ರು. ಮಾರನೇ ದಿನ ಬೆಳಿಗ್ಗೆ ಅವರ ಹುಡುಗ ಬಂದು ಫೋನಲ್ಲಿ ಫೋಟೋ ತೋರಿಸ್ದ. ಹಣೆಯಿಂದ ನೀರು ಜಿನುಗ್ತಾ ಇದೆ, ಎರಡೂ ಕಣ್ಣು ಊದಿ ರೆಪ್ಪೆ ಅಂಟಿಕೊಂಡಿದೆ. ಧಾರೆ ಎರೆಯೋವಾಗ ಕಪ್ಪು ಕನ್ನಡಕ ಹಾಕಿದ್ರು. ಅವತ್ತಿಂದ ನಾನು ಟೆಸ್ಟ್ ಮಾಡದೆ ಹೊಸಬರ ತಲೆ ಮುಟ್ಟಲ್ಲ, ಹಳಬರು ಪ್ಯಾಕೆಟ್ ಬದಲಿಸಿದ್ರೂ ಅಷ್ಟೇ. ಡೈ ಸ್ವಲ್ಪ ಕಲಸಿ ಕಿವಿ ಹಿಂದೆ ಇಲ್ಲಾ ಮೊಣಕೈ ಒಳಮಡಿಕೆಗೆ ಚುಕ್ಕಿ ಹಚ್ಚಿ, ಪ್ಯಾಕೆಟ್‌ನಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ತೊಳೀರಿ. 48 ಗಂಟೆ ನೋಡಿ. ಕೆರೆತ, ಕೆಂಪು, ಗುಳ್ಳೆ ಬಂತೋ, ಆ ಡೈ ನಿಮಗಲ್ಲ.

ಕಪ್ಪು ಮೆಹಂದಿ ಅಂತ ಮಾರ್ತಾರಲ್ಲ, ಅದರಲ್ಲಿ ಇನ್ನೂ ಮೋಸ. ಕಪ್ಪು ಬಣ್ಣ ಬಿಡೋ ಮೆಹಂದಿ ಗಿಡ ಅಂತ ಯಾವುದೂ ಇಲ್ಲ. ಗೋರಂಟಿ ಬಿಡೋದು ಕೆಂಪು ಕಿತ್ತಳೆ. ಹರ್ಬಲ್ ಅಂತ ಹಸಿರು ಎಲೆ ಚಿತ್ರ ಹಾಕಿರೋ ಪುಡಿ ಅರ್ಧ ಗಂಟೆಲಿ ಕಾಡಿಗೆ ಕಪ್ಪು ಮಾಡ್ತು ಅಂದ್ರೆ ಒಳಗೆ ಪಿಪಿಡಿ ಇದೆ ಅಂದ್ಕೊಳ್ಳಿ. ಅಮೋನಿಯಾ ಇಲ್ಲ ಅಂತ ಬರೆದಿರೋದ್ರಲ್ಲೂ ಪಿಪಿಡಿ ಇರಬಹುದು, ಅವೆರಡೂ ಬೇರೆ ಬೇರೆ.

ನನ್ನ ಬಲಗೈ ಬೆರಳ ಸಂದಿಲಿ ಚರ್ಮ ಒಡೆದು ಸಿಪ್ಪೆ ಏಳುತ್ತೆ, ಇಷ್ಟು ವರ್ಷ ಗ್ಲೌಸ್ ಇಲ್ಲದೆ ಬಟ್ಟಲು ಹಿಡಿದಿದ್ದಕ್ಕೆ. ಮನೇಲಿ ಹಾಕ್ಕೊಳ್ಳೋರು ಪ್ಯಾಕೆಟಲ್ಲಿ ಕೊಡೋ ಗ್ಲೌಸ್ ಎಸೀಬೇಡಿ. ಗಡ್ಡಕ್ಕೆ ಹಾಕೋರು ಇನ್ನೂ ಹುಷಾರು, ಅಲ್ಲಿ ಚರ್ಮ ತೆಳು.

26ರ ಹುಡುಗನಿಗೆ ನಾನು ಹೇಳೋದು ಬೇರೆ. ಪಕ್ಕ ಸಣ್ಣಗೆ ಮಿಷನ್ ಹೊಡೆಸಿ, ಮೇಲೆ ಉದ್ದ ಬಿಡಿ. ಬಿಳಿ ಇರೋದು ಕಿವಿ ಮೇಲೆ ತಾನೆ, ಅರ್ಧಕ್ಕರ್ಧ ಕಾಣಲ್ಲ. ಡೈಗಿಂತ ಕಟಿಂಗ್ ಅಗ್ಗ.

ಬೆಳ್ಳಿಗೆರೆ

ನನ್ನದು ಉಲ್ಟಾ ಕಥೆ. 30ಕ್ಕೆ ಶುರು ಮಾಡಿ 14 ವರ್ಷ ಡೈ ಹಾಕಿದೀನಿ. ಮೂರು ವಾರಕ್ಕೊಂದು ಭಾನುವಾರ, ಹಳೇ ನೈಟಿ, ಬಚ್ಚಲ ಟೈಲ್ಸ್ ಮೇಲೆ ಕಪ್ಪು ಚುಕ್ಕಿ. 2020ರ ಲಾಕ್‌ಡೌನಲ್ಲಿ ಮೊದಲು ಪ್ಯಾಕೆಟ್ ಸಿಗಲಿಲ್ಲ, ಆಮೇಲೆ ಸಿಕ್ಕಿತು, ನಾನೇ ತರಲಿಲ್ಲ. ಮೊದಲ ಆರು ತಿಂಗಳು ಕಷ್ಟ. ಅರ್ಧ ಬಿಳಿ, ಅರ್ಧ ತಾಮ್ರ, ನೋಡೋರಿಗೆ ಕಾಯಿಲೆಯಿಂದ ಎದ್ದ ಹಾಗೆ. ವಿಡಿಯೋ ಕಾಲಲ್ಲಿ ಅತ್ತೆ "ಯಾಕಮ್ಮಾ, ಹುಷಾರಿಲ್ವಾ" ಅಂತ ಮೂರು ಸಲ ಕೇಳಿದ್ರು. ಭುಜದವರೆಗೆ ಕತ್ತರಿಸಿದ ಮೇಲೆ ಸರಿಹೋಯ್ತು.

ನಡುವೆ ಒಂದು ವರ್ಷ ಗೋರಂಟಿ, ಇಂಡಿಗೊ (ನೀಲಿ ಗಿಡದ ಎಲೆ ಪುಡಿ) ಮಾಡಿದ್ದೆ. ಅದನ್ನ ಕೇಳೋರು ಜಾಸ್ತಿ, ಹೇಳ್ತೀನಿ. ಇದು ಎರಡು ಹಂತದ್ದು. ಮೊದಲು ಗೋರಂಟಿ ಪುಡಿ ಕಲಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಹಚ್ಚಿ ಎರಡು ಗಂಟೆ. ತೊಳೆದಾಗ ಬಿಳಿ ಕೂದಲೆಲ್ಲ ಕ್ಯಾರೆಟ್ ಬಣ್ಣ, ಹೆದರಬಾರದು. ಆಮೇಲೆ ಇಂಡಿಗೊ ಪುಡಿನ ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹತ್ತು ಹದಿನೈದು ನಿಮಿಷದಲ್ಲೇ ಹಚ್ಚಬೇಕು, ಇದನ್ನ ರಾತ್ರಿ ನೆನೆಸಿಟ್ರೆ ಸತ್ತುಹೋಗುತ್ತೆ. ಒಂದು ಗಂಟೆ. ಕೆಂಪಿನ ಮೇಲೆ ನೀಲಿ ಕೂತು ಕಪ್ಪು ಕಂದು. ಮೊದಲ ದಿನ ಹಸಿರು ಛಾಯೆ ಇರುತ್ತೆ, ಎರಡು ದಿನಕ್ಕೆ ಇಳಿಯುತ್ತೆ. ಅರ್ಧ ದಿನ ಹಿಡಿಯೋ ಕೆಲಸ. ಬರೀ ಇಂಡಿಗೊ ಹಚ್ಚಿದ್ರೆ ಬಿಳಿ ಕೂದಲು ನೀಲಿ ಆಗುತ್ತೆ, ನನ್ನ ಅಕ್ಕ ಹಾಗೆ ಮಾಡ್ಕೊಂಡು ಎರಡು ವಾರ ಸೆರಗು ಹೊದ್ಕೊಂಡು ಓಡಾಡಿದ್ಲು.

ನಿವೃತ್ತ_ಮೇಷ್ಟ್ರು

ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಪುಡಿ, ಚಹಾ ಡಿಕಾಕ್ಷನ್ ಹಾಕಿ ಗೋರಂಟಿ ಕಲಸುವ ರೂಢಿಯಿದೆಯಲ್ಲ, ಅದರ ಹಿಂದೆ ಒಳ್ಳೆಯ ರಸಾಯನಶಾಸ್ತ್ರ ಇದೆ. ನೆಲ್ಲಿಯ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ. ನೆಲ್ಲಿಕಾಯಿ ಕೂದಲನ್ನು ಕಪ್ಪು ಮಾಡುತ್ತದೆ ಎಂಬ ನಂಬಿಕೆ ಅಲ್ಲಿಂದಲೇ ಹುಟ್ಟಿರಬಹುದು ಎಂದು ನನ್ನ ಊಹೆ. ಮಾಡುತ್ತದೆ, ಮೇಲಿನಿಂದ, ಶಾಯಿಯ ಹಾಗೆ.

ಧಾರವಾಡದಾಂವ

ಇಷ್ಟ ಓದಿದ ಮ್ಯಾಲೆ ನಂದೊಂದ ಪ್ರಶ್ನೆ. ನನ್ನ ಮಗಳಿಗೆ 9. ತಲಿ ಹಿಂದ ಒಂದ ಕಡೆ ಮಾತ್ರ ರೂಪಾಯಿ ಅಗಲ ಬೆಳ್ಳಗ ಕೂದಲಾ ಬಂದಾವ. ಇದೂ ನಮ್ಮ ಅಜ್ಜನ ಬಳುವಳೀನ?

ಮಾತ್ರೆ_ಅಂಗಡಿ

ಒಂದೇ ಕಡೆ ಗುಂಪಾಗಿ ಬಂದ್ರೆ ಅಂದಾಜು ಮಾಡೋದು ಬೇಡ. ಅಲ್ಲಿ ಚರ್ಮವೂ ಬೆಳ್ಳಗಿದೆಯಾ ಅಂತ ಹಗಲು ಬೆಳಕಲ್ಲಿ ಕೂದಲು ಬಿಡಿಸಿ ನೋಡಿ. ತೊನ್ನು ಕೆಲವೊಮ್ಮೆ ಹಾಗೆ ಶುರುವಾಗುತ್ತೆ, ಕೂದಲುದುರೋ ರೋಗದಲ್ಲಿ ಹೊಸ ಕೂದಲು ಮೊದಲು ಬಿಳಿಯಾಗಿ ಬರೋದೂ ಇದೆ. ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ. ಹೆದರೋ ಅಂಥದ್ದಲ್ಲ, ಬೇಗ ಹೋದ್ರೆ ಚಿಕಿತ್ಸೆ ಸಲೀಸು.

ಧಾರವಾಡದಾಂವ

ಸೋಮವಾರ ಹೊಕ್ಕೀನ್ರಿ.

ದಾವಣಗೆರೆ_ಹುಡುಗ

(ಮೂರೂವರೆ ತಿಂಗಳ ನಂತರ)

ಮರೆತಿಲ್ಲ, ಹೇಳೋಕೆ ವಿಷಯ ಇರಲಿ ಅಂತ ಕಾದೆ.

ರಕ್ತ ಕೊಟ್ಟೆ. ಥೈರಾಯ್ಡ್ ಸರಿಯಿದೆ, ಫೆರಿಟಿನ್ ಪರವಾಗಿಲ್ಲ. ಬಿ12 142. ಲ್ಯಾಬಿನ ಕಾಗದದಲ್ಲಿ ಕನಿಷ್ಠ 200 ಅಂತಿತ್ತು. ಡಾಕ್ಟರ್ ಮೊದಲು ಇಂಜೆಕ್ಷನ್ ಕೊಟ್ಟು ಆಮೇಲೆ ಮಾತ್ರೆ ಬರೆದ್ರು. ಐದಾರು ವಾರಕ್ಕೆ ಅಂಗಾಲಿನ ಇರುವೆ ಹೋಯ್ತು. ಮೂರು ಗಂಟೆಗೆ ಆಫೀಸಲ್ಲಿ ತೂಕಡಿಕೆ ಬರ್ತಿತ್ತಲ್ಲ, ಅದು ಊಟದ್ದು ಅಂದ್ಕೊಂಡಿದ್ದೆ, ಅದೂ ಹೋಗಿದೆ.

ಕೂದಲು? ಹೊಸದಾಗಿ ಜಾಸ್ತಿ ಆದ ಹಾಗೆ ಕಾಣ್ತಿಲ್ಲ, ಇರೋದು ಇದೆ. ಬುಡ ಕಪ್ಪಾಗಿ ತುದಿ ಬಿಳಿ ಇರೋದು ಸಿಗುತ್ತಾ ಅಂತ ಹುಡುಕಿದೆ. ಒಂದು ಸಿಕ್ತು. ತಂಗಿ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ, "ಕಪ್ಪೋ ಕಂದೋ ಗೊತ್ತಾಗ್ತಿಲ್ಲ, ಎಣ್ಣೆ ಜಿಡ್ಡಿರಬೇಕು" ಅಂದ್ಲು. ಲೆಕ್ಕಕ್ಕೆ ತಗೊಂಡಿಲ್ಲ. ಡೈ ಹಾಕಿಲ್ಲ. ಮೈಸೂರಿನವರು ಹೇಳಿದ ಹಾಗೆ ಪಕ್ಕ ಸಣ್ಣಗೆ ಹೊಡೆಸಿದೆ, ಅದೇ ಫೋಟೋ ಕಳಿಸಿದ್ದಾರೆ. ಸಿಗರೇಟ್ ಒಂದಕ್ಕೆ ಇಳಿದಿದೆ.

ಹೇಳಬೇಕಾದ್ದು ಇನ್ನೊಂದಿದೆ. ರಿಪೋರ್ಟ್ ತೋರಿಸ್ತಾ ಜುಮುಜುಮು ವಿಷಯ ಅಮ್ಮನಿಗೆ ಹೇಳ್ದೆ. "ಅದು ನನಗೂ ಆಗುತ್ತಲ್ಲ, ಎರಡು ವರ್ಷದಿಂದ. ಅಡುಗೆಮನೆ ಕಲ್ಲಿನ ಮೇಲೆ ನಿಂತು ನಿಂತು" ಅಂದ್ರು. ಅವರಿಗೆ ಶುಗರ್ ಇದೆ, ಒಂಬತ್ತು ವರ್ಷದಿಂದ ಮಾತ್ರೆ.

ಮಾತ್ರೆ_ಅಂಗಡಿ

ಮೆಟ್‌ಫಾರ್ಮಿನ್ನಾ? ಅದನ್ನ ವರ್ಷಗಟ್ಟಲೆ ತಗೊಳ್ಳೋರಿಗೆ ಬಿ12 ಹೀರಿಕೊಳ್ಳೋದು ಕಮ್ಮಿಯಾಗುತ್ತೆ. ಗ್ಯಾಸ್ಟ್ರಿಕ್ ಅಂತ ದಿನಾ ಬೆಳಿಗ್ಗೆ ನುಂಗೋ ಮಾತ್ರೆಯಿಂದಲೂ ಹಾಗೇ. ಕಾಲು ಜುಮುಜುಮು ಶುಗರಿನಿಂದಲೂ ಬರುತ್ತೆ, ಹಾಗಾಗಿ ಎಲ್ಲರೂ ಶುಗರ್ ಮೇಲೆ ಹಾಕಿ ಸುಮ್ಮನಾಗ್ತಾರೆ. ಮಾತ್ರೆ ನಿಲ್ಲಿಸೋದು ಬೇಡ, ಟೆಸ್ಟ್ ಮಾಡಿಸಿ.

ದಾವಣಗೆರೆ_ಹುಡುಗ

ಅದೇ ಮಾತ್ರೆ. ಟೆಸ್ಟ್ ಆಯ್ತು. ಅಮ್ಮಂದು 118, ನನಗಿಂತ ಕಮ್ಮಿ. ಈಗ ವಾರಕ್ಕೊಂದು ಇಂಜೆಕ್ಷನ್, ನಾನೇ ಫೋನ್ ಮಾಡಿ ಹೋದ್ರಾ ಅಂತ ಕೇಳ್ತೀನಿ. ಎಂಟು ತಿಂಗಳು ನನ್ನ ತಲೆಗೆ ಎಣ್ಣೆ ಕಾಯಿಸ್ತಾ ಒಲೆ ಮುಂದೆ ನಿಂತಿದ್ದು ಆ ಕಾಲಲ್ಲೇ.

ಎಣ್ಣೆ ಕಾಯಿಸೋದು ನಿಲ್ಲಿಸಿಲ್ಲ. ಈ ಸಲ ಎರಡು ಬಾಟ್ಲಿ ಕಳಿಸಿದ್ದಾರೆ, ಒಂದು ಪಿಜಿ ಓನರ್‌ಗೆ ಕೊಟ್ಟೆ. ಇನ್ನೊಂದು ಇದೆ, ಬೆಂಗಳೂರಲ್ಲಿ ಯಾರಿಗಾದ್ರೂ ಬೇಕಾದ್ರೆ ಹೇಳಿ.

ಕಡಲತೀರ_ಉಡುಪಿ

ನನಗೆ ಇಡಿ. ಮುಂದಿನ ವಾರ ಬರ್ತೇನೆ.